ಏಡಿಯ ಮೇಲೇಕೆ ಅಪವಾದ?

ಮಳೆಗಾಲದಲ್ಲಿ ಗದ್ದೆಯಂಚಿನ ಬಿಲಕ್ಕೆ ಕೈಹಾಕಿ ಏಡಿ ಹಿಡಿಯುವವರನ್ನು ಕಂಡು ಮೂಗು ಮುರಿಯುವ ಪಟ್ಟಣದ ಮಹನೀಯರಿಗೆ ಒಂದು ಸಂಗತಿಯನ್ನು ನೆನಪಿಸಬೇಕಾಗಿದೆ.

೧೯೭೫ರಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲುಗಳ ಕೀಲು ಹಿಡಿದು ಮನುಷ್ಯರನ್ನು ಕುಂಟರನ್ನಾಗಿಸುವ ಬೇನೆಯೊಂದು ಬೆಳಕಿಗೆ ಬಂತು. ನರಳಿದವರು ಬಡ ದಲಿತ ಕುಟುಂಬದವರು. ಅವರು ಏಡಿ ತಿನ್ನುತ್ತಿದ್ದರು. ಏಡಿಯೋ ಕೀಟನಾಶಕ ಬಿದ್ದ ಗದ್ದೆಯದು. ಅದೇ ಕಾರಣವಿರಬೇಕೆಂಬ ಶಂಕೆ ಹುಟ್ಟಿತು. ಮುಂದಿನ ಸಂಶೋಧನೆ ಅದನ್ನು ವಂಶಪಾರಂಪರ್ಯವಾಗಿ ಬರುವ ರೋಗವೆಂದು ತೋರಿಸಿತು. ಏಡಿ ಖುಲಾಸೆಯಾಯಿತು, ತಿನ್ನುವವರ ಮೇಲಿನ ಹೀಯಾಳಿಕೆ ಮಾತ್ರ ಉಳಿಯಿತು.

ಎಚ್ಚರವೇ ಬೇಡವೆಂದು ನನ್ನ ವಾದವಲ್ಲ. ಜೀವಂತ ಏಡಿಯನ್ನೇ ಆರಿಸಬೇಕು; ಸತ್ತದ್ದನ್ನು ಎಸೆಯಬೇಕು. ಬೆನ್ನಿನ ಚಿಪ್ಪು, ಕಿವಿರು ತೆಗೆದು, ಚೆನ್ನಾಗಿ ತೊಳೆದು, ಒಳಗಿನ ಮಾಂಸ ಪೂರ್ತಿ ಬೇಯುವವರೆಗೆ ಕುದಿಸಬೇಕು. ಹಸಿಯ ಅಥವಾ ಅರೆಬೆಂದ ಏಡಿಯಿಂದ ಶ್ವಾಸಕೋಶ ಸೇರಿ, ಕ್ಷಯರೋಗದಂತೆ ರಕ್ತ ಕೆಮ್ಮಿಸುವ ಹುಳುವುಂಟು. ಬೆಂಕಿ ಅದನ್ನು ಕೊಲ್ಲುತ್ತದೆ.

ಆದರೆ ಕೀಟನಾಶಕದ ವಿಷಯದಲ್ಲಿ ಬೆಂಕಿಯನ್ನು ನೆಚ್ಚುವಂತಿಲ್ಲ. ಅದನ್ನು ಗದ್ದೆಗೆ ಹೊಡೆಸಿದವನು ಏಡಿ ಹಿಡಿಯುವ ಕೂಲಿಯವನಲ್ಲ, ಗದ್ದೆಯ ಒಡೆಯ. ಆ ಗದ್ದೆಯ ಅಕ್ಕಿಯನ್ನು ಉಣ್ಣುವವರು ನಾವು. ಹೀಗಿರುವಾಗ ಬಡವನ ತಟ್ಟೆಯನ್ನು ತಪಾಸಣೆ ಮಾಡಿ ಗದ್ದೆಯನ್ನು ಮಾತ್ರ ಕೇಳದೆ ಬಿಡುವುದು ಯಾವ ನ್ಯಾಯ? ಔಷಧ ಹೊಡೆದ ದಿನ ಗದ್ದೆಯ ಬದುವಿನಲ್ಲಿ ಒಂದು ಎಚ್ಚರಿಕೆಯ ಹಲಗೆಯನ್ನಾದರೂ ನೆಡಿಸೋಣ. ಆರೋಗ್ಯದ ಉಪದೇಶ ಆಮೇಲಾಗಲಿ.