'ರನ್ನಿಂಗ್ ಆನ್ ಕರ್ಮ': ನಗಿಸ್ತಾ ನಗಿಸ್ತಾ ತಲೆ ಕೆಡಿಸೋ ಸಿನಿಮಾ

ಬ್ಯಾಕ್‌ಲಾಗ್ ಉಳಿದರೆ 'ನನ್ನ ಕರ್ಮ'. ಮೆಸ್‌ನಲ್ಲಿ ಮತ್ತೆ ಅದೇ ಉಪ್ಪಿಟ್ಟು ಬಂದರೆ 'ನಮ್ಮ ಕರ್ಮ'. ದಿನಕ್ಕೆ ಹತ್ತು ಸಲ ಬಾಯಿಗೆ ಬರೋ ಈ ಪದವನ್ನು ಒಂದು ಹಾಂಗ್‌ಕಾಂಗ್ ಸಿನಿಮಾ ಇಷ್ಟು ಗಂಭೀರವಾಗಿ ತಗೊಂಡಿರುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

2003ರ ಈ ಕ್ಯಾಂಟನೀಸ್ ಸಿನಿಮಾದ ನಿರ್ದೇಶಕರು ಜಾನಿ ಟೋ ಮತ್ತು ವಾಯ್ ಕಾ-ಫೈ. ಮೂಲ ಹೆಸರಿನ ಅರ್ಥ ಹೆಚ್ಚುಕಮ್ಮಿ 'ದಾಂಡಿಗ'. ಆಂಡಿ ಲಾವ್ ಇಲ್ಲಿ ರಬ್ಬರಿನ ಮಾಂಸಖಂಡಗಳ ಸೂಟ್ ತೊಟ್ಟ ಬಾಡಿಬಿಲ್ಡರ್. ಹಿಂದೆ ಬೌದ್ಧ ಸನ್ಯಾಸಿಯಾಗಿದ್ದವನು, ಈಗ ಕ್ಲಬ್ಬಿನಲ್ಲಿ ಬಟ್ಟೆ ಬಿಚ್ಚಿ ಕುಣಿಯುವವನು! ಪೊಲೀಸ್ ದಾಳಿಯಾದಾಗ ಬೆತ್ತಲೆ ಓಡುವ ಅವನನ್ನು ಹಿಡಿಯುವವಳು ಲೀ ಅನ್ನೋ ಪೊಲೀಸ್ ಹುಡುಗಿ (ಸಿಸಿಲಿಯಾ ಚ್ಯೂಂಗ್). ಶುರುವಿನಲ್ಲಿ ಪಕ್ಕಾ ಕಾಮಿಡಿ.

ಆಮೇಲೆ ಗೊತ್ತಾಗುತ್ತೆ, ಇವನಿಗೆ ಬೇರೆಯವರ ಪೂರ್ವಜನ್ಮ ಕಾಣುತ್ತೆ. ಲೀ ಹಿಂದೆ ಕಾಣೋದು ಜನರನ್ನು ಕೊಂದ ಒಬ್ಬ ಜಪಾನಿ ಸೈನಿಕ. ಅಂದ್ರೆ ಅವಳ ಸಾವು ಹತ್ತಿರದಲ್ಲಿದೆ. (ಮುಂದೆ ಸ್ಪಾಯ್ಲರ್ ಇದೆ. ಸಿನಿಮಾ ನೋಡೋರು ಇಲ್ಲೇ ನಿಲ್ಲಿಸಿ.)

ಸಿನಿಮಾದ ದೊಡ್ಡ ಶಕ್ತಿ ಇರೋದು ಇಲ್ಲಿಂದ ಮುಂದೆ. 'ಪಾಪ ಮಾಡಿದ್ದಳು, ಅನುಭವಿಸ್ತಾಳೆ' ಅಂತ ಅದು ಎಲ್ಲೂ ಹೇಳಲ್ಲ. ಆ ಸೈನಿಕ ಬೇರೆ, ಲೀ ಬೇರೆ. ಅವನು ಮಾಡಿದ್ದರ ಭಾರ ಇವಳ ಮೇಲೆ ಬೀಳುತ್ತೆ, ಅಷ್ಟೇ. ಅದು ಇವಳ ತಪ್ಪಿಗೆ ಕೊಟ್ಟ ತೀರ್ಪಲ್ಲ. ವಿಷಯ ತಿಳಿದ ಲೀ ಅಳ್ತಾ ಕೂರಲ್ಲ. ಹೇಗೂ ಸಾಯೋದೇ ಆದರೆ ಒಂದು ಒಳ್ಳೆ ಕೆಲಸ ಮಾಡಿ ಸಾಯ್ತೀನಿ ಅಂತ, ನಾಯಕನ ಗೆಳತಿಯನ್ನು ಕೊಂದವನನ್ನು ಹುಡುಕಿಕೊಂಡು ಒಬ್ಬಳೇ ಬೆಟ್ಟಕ್ಕೆ ಹೋಗ್ತಾಳೆ. ಅಲ್ಲೇ ಕೊಲೆಯಾಗ್ತಾಳೆ. ಕೊನೆಗೆ ಆ ಕೊಲೆಗಾರ ಕೈಗೆ ಸಿಕ್ಕಾಗ ನಾಯಕ ಅವನನ್ನು ಕೊಲ್ಲಲ್ಲ. ಸರಪಳಿ ಅಲ್ಲಿಗೆ ಮುರಿಯುತ್ತೆ. ಕೈಯಲ್ಲಿರೋದು ಈಗಿನ ಕ್ಷಣ ಮಾತ್ರ ಅನ್ನೋದನ್ನ ಭಾಷಣವಿಲ್ಲದೆ ತೋರಿಸಿದ್ದಾರೆ.

ಇದು ನನ್ನನ್ನ ಯಾಕೆ ತಟ್ಟಿತು ಅಂದ್ರೆ, ಕಳೆದ ಸೆಮಿಸ್ಟರ್‌ನಲ್ಲಿ ನನ್ನ ಲ್ಯಾಬ್ ಪಾರ್ಟ್ನರ್ ಅಪ್ಪ ತೀರಿಕೊಂಡರು. ಮನೆಗೆ ಹೋಗಿದ್ದಾಗ ಹಿರಿಯರೊಬ್ಬರು ಅವನ ಮುಂದೆಯೇ 'ಯಾವ ಜನ್ಮದ ಪಾಪವೋ' ಅಂದರು. ಅವನು ತಲೆ ತಗ್ಗಿಸಿದ. ನಾನು ಸುಮ್ಮನಿದ್ದೆ. ಏನು ಹೇಳಬೇಕಿತ್ತು ಅನ್ನೋದು ಈ ಸಿನಿಮಾ ನೋಡಿದ ಮೇಲೆ ಹೊಳೆಯಿತು: ಇದರಲ್ಲಿ ಅವನ ತಪ್ಪೇನೂ ಇಲ್ಲ ಅಂತ.

ಹಾಗಂತ ಎಲ್ಲಾ ಸರಿಯಿದೆ ಅಂತಲ್ಲ. ಒಂದು, ಇಲ್ಲಿನ ಒಬ್ಬ ಕೊಲೆಗಾರ ಸಣ್ಣ ಡಬ್ಬದೊಳಗೂ ಮೈ ಮಡಚಿ ಕೂರಬಲ್ಲ ಭಾರತೀಯ ಯೋಗಿ. ನಮ್ಮ ಬಗ್ಗೆ ಹೊರಗಿನವರಿಗಿರೋ ಅದೇ ಹಳಸಲು ಕಲ್ಪನೆ. ಮೊದಲು ನಕ್ಕೆ, ಆಮೇಲೆ ಕಿರಿಕಿರಿ ಆಯ್ತು. ಎರಡು, ಸ್ಟ್ರಿಪ್ ಕ್ಲಬ್, ಕೊಲೆ ತನಿಖೆ, ಪ್ರೇಮ, ಬುದ್ಧ ಎಲ್ಲವೂ ಸುಮಾರು ಒಂದೂವರೆ ಗಂಟೆಯಲ್ಲಿ ಬರುತ್ತೆ. ಗೇರ್ ಬದಲಾದಾಗಲೆಲ್ಲ ಗಾಡಿ ಜರ್ಕ್ ಹೊಡೆಯುತ್ತೆ. ಮೂರು, ಇದು ನನ್ನ ನಿಜವಾದ ತಕರಾರು: ಲೀ ಸತ್ತ ಮೇಲೆ ಕಥೆ ಪೂರ್ತಿ ನಾಯಕನದಾಗುತ್ತೆ. ಅವನಿಗೆ ಜ್ಞಾನೋದಯ ಆಗೋಕೆ ಅವಳು ಸಾಯಬೇಕಿತ್ತಾ? ಇದೇ ಹಳೇ ಫಾರ್ಮುಲಾವನ್ನ ನಮ್ಮ ಸಿನಿಮಾಗಳಲ್ಲೂ ಎಷ್ಟು ಸಲ ನೋಡಿಲ್ಲ?

ಆ ರಬ್ಬರ್ ಮೈಯನ್ನೂ ಕೆಲವರು ದೋಷ ಅಂತಾರೆ. ನಾನು ಒಪ್ಪಲ್ಲ. ಅವನು ತನ್ನದಲ್ಲದ ದೇಹವನ್ನು ಹೊತ್ತು ತಿರುಗೋ ಹಾಗೆ ಕಾಣುತ್ತಾನೆ. ಕಥೆಯೂ ಅದೇ ತಾನೇ, ತನ್ನದಲ್ಲದ ಭಾರ ಹೊರೋದು.

ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಇದಕ್ಕೆ ಅತ್ಯುತ್ತಮ ಚಿತ್ರ, ನಟ, ಚಿತ್ರಕಥೆ ಪ್ರಶಸ್ತಿಗಳು ಬಂದವು. ಪ್ರಶಸ್ತಿ ಬಿಡಿ, ಇಂಟರ್ನಲ್ಸ್ ಮುಗಿದ ರಾತ್ರಿ ರೂಮಲ್ಲಿ ನಾಲ್ಕು ಜನ ಸೇರಿ ನೋಡಿ. ಅರ್ಧದಲ್ಲಿ 'ಏನ್ ಗುರು ಇದು' ಅಂತ ಯಾರಾದರೂ ಎದ್ದರೆ ಕೂರಿಸಿಕೊಳ್ಳಿ. ಮುಗಿದ ಮೇಲೆ ಲೀ ಬೆಟ್ಟಕ್ಕೆ ಹೋಗಿದ್ದು ಸರಿಯಾ ತಪ್ಪಾ ಅಂತ ಜಗಳ ಆಡಿ. ನಮ್ಮ ರೂಮಲ್ಲಿ ಆ ಜಗಳ ಇನ್ನೂ ಮುಗಿದಿಲ್ಲ.