ಜೀಪಿನ ಜೋಡಿ ಹಿಡಿಗಳು

ಮಲೆನಾಡಿನ ತೋಟದ ದಾರಿಗಳಲ್ಲಿ ಹಳೆಯ ಜೀಪೊಂದು ಬರುತ್ತಿರುವುದನ್ನು ಕಣ್ಣಿಗಿಂತ ಮೊದಲು ಕಿವಿಯೇ ಗುರುತಿಸುವುದುಂಟು. ಎಂಜಿನಿನ ಸದ್ದಿನೊಡನೆ ಕಟಕಟನೆ ಹಲ್ಲು ಕಡಿಯುವಂಥ ಇನ್ನೊಂದು ಸದ್ದು ಬೆರೆತಿರುತ್ತದೆ. ಗೇರಿನ ಕೋಲಿನ ಪಕ್ಕದಲ್ಲಿ ನೆಲದಿಂದ ಎದ್ದುನಿಂತ ಎರಡು ಗಿಡ್ಡ ಹಿಡಿಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು ಅದು. ಅದನ್ನು ತಾಳಲಾರದ ಕೆಲವರು ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿ ಎರಡನ್ನೂ ಸೇರಿಸಿ ಬಿಗಿದುಬಿಡುತ್ತಾರೆ. ಸದ್ದೇನೋ ನಿಲ್ಲುತ್ತದೆ. ಆದರೆ ರೋಗ ಉಳಿಯುತ್ತದೆ. ಅಷ್ಟೇ ಅಲ್ಲ, ಇನ್ನಷ್ಟು ಕೆಡುತ್ತದೆ.

ಈ ಎರಡು ಹಿಡಿಗಳ ಕೆಲಸವನ್ನು ತಿಳಿದವರಿಗೆ ಅದರ ಕಾರಣವೂ ಹೊಳೆಯುತ್ತದೆ. 1941ರಿಂದ 1945ರವರೆಗೆ ಯುದ್ಧಕ್ಕಾಗಿ ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು 6 ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದುವು. ಯುದ್ಧ ಮುಗಿದ ಮೇಲೆ ಅದೇ ವಂಶದ ನಾಗರಿಕ ಜೀಪುಗಳು ಹುಟ್ಟಿದುವು. ಭಾರತದಲ್ಲಿ ಮಹೀಂದ್ರ ಸಂಸ್ಥೆ ಅವನ್ನು ಜೋಡಿಸಿ, ಬಳಿಕ ಇಲ್ಲಿಯೇ ತಯಾರಿಸಿತು. ಈ ಹಳೆಯ ಜೀಪುಗಳಲ್ಲಿ ಗೇರುಪೆಟ್ಟಿಗೆಯ ಬೆನ್ನಿಗೆ ಅಂಟಿಕೊಂಡು ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಎಂಜಿನಿನ ಶಕ್ತಿಯನ್ನು ಮುಂದಿನ ಗಾಲಿಗಳಿಗೂ ಹಿಂದಿನ ಗಾಲಿಗಳಿಗೂ ಹಂಚುವುದು ಇದರ ಕೆಲಸ. ಒಂದು ಹಿಡಿ ಮುಂದಿನ ಗಾಲಿಗಳನ್ನು ಸೇರಿಸುತ್ತದೆ ಇಲ್ಲವೆ ಬಿಡಿಸುತ್ತದೆ. ಮತ್ತೊಂದಕ್ಕೆ ಮೂರು ಸ್ಥಾನಗಳು: ಹೈ, ಲೋ, ನಡುವೆ ನ್ಯೂಟ್ರಲ್. ಮುಂದಿನ ಗಾಲಿಗಳು ಸೇರಿದ ಹೊರತು ಲೋ ಬೀಳದಂತೆ ಒಳಗೆ ಒಂದು ತಡೆಯನ್ನೂ ಇಟ್ಟಿದ್ದಾರೆ.

ಆ ನಡುವಿನ ನ್ಯೂಟ್ರಲ್ಲಿನಲ್ಲಿಯೇ ಅಪಾಯ ಅಡಗಿದೆ. ಹಿಡಿ ಸಡಿಲವಾಗಿ ಹೈ ಸ್ಥಾನಕ್ಕೆ ಪೂರ್ತಿ ಸೇರದೆ ನಿಂತು, ಇಳಿಜಾರಿನಲ್ಲಿ ಕುಲುಕಾಟಕ್ಕೆ ನಡುವಿಗೆ ಜಾರಿತೆಂದರೆ ಎಂಜಿನಿಗೂ ಗಾಲಿಗಳಿಗೂ ನಂಟು ಹರಿಯಿತು. ಎಂಜಿನಿನ ತಡೆಯನ್ನು ನಂಬಿ ಇಳಿಯುತ್ತಿದ್ದ ಜೀಪು ಥಟ್ಟನೆ ಹಗುರಾಗಿ ಓಡತೊಡಗುತ್ತದೆ. ಜೀಪನ್ನು ನಿಲ್ಲಿಸಿದಾಗಲೂ ಹೀಗೆಯೇ. ಮೊದಲನೆಯ ಗೇರಿನಲ್ಲಿ ನಿಲ್ಲಿಸಿದ್ದೇನೆಂದು ಯಜಮಾನ ನಿಶ್ಚಿಂತೆಯಿಂದ ಇಳಿದು ಹೋಗುತ್ತಾನೆ; ಹಿಂದಿನ ಪೆಟ್ಟಿಗೆ ನ್ಯೂಟ್ರಲ್ಲಿನಲ್ಲಿದ್ದರೆ ಆ ಗೇರು ಇದ್ದೂ ಇಲ್ಲದಂತೆ. ಉಳಿದದ್ದು ಕೈಬ್ರೇಕು. ಈ ಜೀಪುಗಳಲ್ಲಿ ಅದು ಗಾಲಿಗಳಲ್ಲಿ ಇರುವುದಿಲ್ಲ. ಇದೇ ಪೆಟ್ಟಿಗೆಯ ಹಿಂದುಗಡೆಯ ಡ್ರಮ್ಮಿನ ಮೇಲೆ ಕೆಲಸ ಮಾಡುತ್ತದೆ. ಪೆಟ್ಟಿಗೆಯ ಸೀಲು ಸೋರಿದರೆ ಎಣ್ಣೆ ನೇರವಾಗಿ ಅಲ್ಲಿಗೇ ಹೋಗಿ ಬ್ರೇಕಿನ ಪಟ್ಟಿಯನ್ನು ತೋಯಿಸುತ್ತದೆ. ಹಳೆಯ ಜೀಪುಗಳಿಗೆ ಇದು ಅಪರೂಪದ ಕಾಯಿಲೆಯೇನಲ್ಲ. ಹಿಡಿಗಳಿಗೆ ಟ್ಯೂಬು ಬಿಗಿದವರು ಇದನ್ನು ಯೋಚಿಸಿರುವುದಿಲ್ಲ: ರಬ್ಬರು ಒಂದು ಹಿಡಿಯನ್ನು ಇನ್ನೊಂದರ ಕಡೆಗೆ ಸದಾ ಎಳೆಯುತ್ತಲೇ ಇರುತ್ತದೆ.

"ಸದ್ದು ನಿಲ್ಲಿಸಿಬಿಡಪ್ಪ, ಸಾಕು" ಎಂದು ಯಜಮಾನ ಹೇಳಿದರೆ, "ಸದ್ದು ನಿಂತರೆ ಸಾಲದು ಸ್ವಾಮೀ, ಪಿನ್ನು ಬಿಚ್ಚಿ ನೋಡಬೇಕು" ಎನ್ನುವವನೇ ಕೆಲಸ ಬಲ್ಲ ಮೇಸ್ತ್ರಿ.

ಎರಡು ಹಿಡಿಗಳೂ ಒಂದೇ ಅಡ್ಡ ಪಿನ್ನಿನ ಮೇಲೆ ತೂಗುತ್ತವೆ. ಅವುಗಳ ಕೆಳತುದಿಗಳು ಪೆಟ್ಟಿಗೆಯಿಂದ ಹೊರಚಾಚಿದ ಎರಡು ಸರಳುಗಳ ಕಚ್ಚುಗಳಲ್ಲಿ ಕುಳಿತಿರುತ್ತವೆ. ಇವೆಲ್ಲವೂ ಪೆಟ್ಟಿಗೆಯ ಹೊರಗಿರುವುದರಿಂದ ಒಳಗಿನ ಎಣ್ಣೆ ಇವಕ್ಕೆ ದೊರಕುವುದಿಲ್ಲ. ದೊರಕುವುದು ದಾರಿಯ ಕೆಸರು ಮತ್ತು ಮರಳು. ಗ್ರೀಸು ಕಾಣದ ಪಿನ್ನು ಸವೆದು ಸಣ್ಣಗಾಗುತ್ತದೆ, ಹಿಡಿಯ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಕೆಳತುದಿ ದುಂಡಗಾಗುತ್ತದೆ. ಹಿಡಿ ಒಂದು ಸನ್ನೆಗೋಲು. ಅದರ ಮೇಲ್ಭಾಗ ಉದ್ದ, ಕೆಳಭಾಗ ಗಿಡ್ಡ. ಆದ್ದರಿಂದ ಕೆಳಗಿನ ಕೂದಲೆಳೆಯಷ್ಟು ಸವೆತ ಮೇಲೆ ಬೆರಳಗಲದ ಅಲುಗಾಟವಾಗಿ ತೋರುತ್ತದೆ. ಆ ಅಲುಗಾಟದಲ್ಲಿಯೇ ಕೈಯ ಚಲನೆಯ ಒಂದು ಪಾಲು ವ್ಯರ್ಥವಾಗುತ್ತದೆ. ಸರಳು ಪೂರ್ತಿ ಸರಿಯದೆ ಹಲ್ಲುಗಳು ಅರ್ಧಕ್ಕೆ ಕಚ್ಚುತ್ತವೆ, ತುದಿಗಳು ಇಳಿಜಾರಾಗಿ ಸವೆಯುತ್ತವೆ, ಕೊನೆಗೆ ಗೇರು ತಾನಾಗಿಯೇ ಹಾರತೊಡಗುತ್ತದೆ.

ಬಿಚ್ಚುವುದಕ್ಕೆ ಮುಂಚೆ ಗಾಲಿಗಳಿಗೆ ಅಡ್ಡಗಲ್ಲು ಕೊಡತಕ್ಕದ್ದು. ನೆಲದ ಮುಚ್ಚಳವನ್ನು ತೆಗೆದು ಕೊಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದ ಬಳಿಕ, ಪಿನ್ನನ್ನು ಹಿಡಿದಿರುವ ಸಣ್ಣ ತಿರುಪನ್ನು ಸಡಿಲಿಸಿ ಪಿನ್ನನ್ನು ಹೊರಗೆ ಬಡಿಯುತ್ತಾರೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡುವುದು ಲೇಸು. ಪಿನ್ನು ಸವೆದಿದ್ದರೆ ಹೊಸದೇ ಬೇಕು. ಹೊಸ ಪಿನ್ನೂ ಹಳೆಯ ರಂಧ್ರದಲ್ಲಿ ಅಲುಗಿದರೆ, ಸುತ್ತ ಲೋಹ ಸಾಕಷ್ಟಿರುವಾಗ, ರಂಧ್ರವನ್ನು ದುಂಡಗೆ ಕೊರೆದು ಕಂಚಿನ ಬುಷ್ಷನ್ನು ಕೂರಿಸುತ್ತಾರೆ. ದುಂಡಗಾದ ಕೆಳತುದಿಗೆ ವೆಲ್ಡಿಂಗಿನಿಂದ ಲೋಹ ತುಂಬಿ, ಸರಳಿನ ಕಚ್ಚಿನಲ್ಲಿ ಬಿಗಿಯದೆ, ಸಡಿಲವೂ ಆಗದೆ ಜಾರುವಂತೆ ಅರದಿಂದ ಉಜ್ಜಬೇಕು. ತಾಳ್ಮೆ ಬೇಕಾದ ಕೆಲಸ ಇದೊಂದೇ. ಪ್ರತಿ ಹತ್ತು ಉಜ್ಜಿಗೊಮ್ಮೆ ತುದಿಯನ್ನು ಕಚ್ಚಿಗೆ ಹಿಡಿದು ನೋಡುವವನು ಗೆಲ್ಲುತ್ತಾನೆ. ನಡುಕವನ್ನು ತಡೆಯುವ ಸ್ಪ್ರಿಂಗುಗಳು ಮುರಿದೋ ಕಳೆದೋ ಹೋಗಿರುವುದುಂಟು. ಅವನ್ನು ಹೊಸದಾಗಿ ಹಾಕಬೇಕು. ಅಡ್ಡ ಅಲುಗಾಟಕ್ಕೆ ತೆಳುವಾದ ವಾಷರು ಸಾಕು. ಆದರೆ ಒಂದು ಹಿಡಿಯನ್ನು ಎಳೆದರೆ ಇನ್ನೊಂದು ಜೊತೆಗೆ ಬರುವಷ್ಟು ಬಿಗಿಯಬಾರದು.

ಇಷ್ಟಾದರೂ ಗೇರು ಹಾರಿದರೆ ದೋಷ ಒಳಗಿದೆಯೆಂದು ತಿಳಿಯಬೇಕು. ಸರಳನ್ನು ಸ್ಥಾನದಲ್ಲಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗು ಸೋತಿರಬಹುದು, ಕವಲನ್ನು ಸರಳಿಗೆ ಬಿಗಿಯುವ ತಿರುಪು ಕಳಚಿರಬಹುದು, ಹಲ್ಲುಗಳೇ ಸವೆದಿರಬಹುದು. ಆಗ ಪೆಟ್ಟಿಗೆಯನ್ನು ಬಿಚ್ಚದೆ ವಿಧಿಯಿಲ್ಲ. ಅದಕ್ಕೂ ಮೊದಲು ಇನ್ನೊಂದನ್ನು ನೋಡಿಕೊಳ್ಳುವುದು ಒಳ್ಳೆಯದು: ಪೆಟ್ಟಿಗೆಯನ್ನು ಹೊತ್ತ ರಬ್ಬರು ಕುಸಿದಿದ್ದರೆ ಹಿಡಿ ತನ್ನ ಸ್ಥಾನ ಮುಟ್ಟುವ ಮೊದಲೇ ನೆಲದ ಮುಚ್ಚಳದ ಅಂಚಿಗೆ ತಗಲಿ ನಿಲ್ಲುತ್ತದೆ. ಐದು ನಿಮಿಷದಲ್ಲಿ ಕಾಣುವ ಈ ದೋಷವನ್ನು ಬಿಟ್ಟು ಪೆಟ್ಟಿಗೆಯನ್ನೇ ಇಳಿಸಿದವರೂ ಇದ್ದಾರೆ.

ಪರೀಕ್ಷೆಯನ್ನು ಸಮತಟ್ಟಾದ ಬಯಲಿನಲ್ಲಿ ಮಾಡತಕ್ಕದ್ದು. ಹಿಡಿಯನ್ನು ಒಂದೊಂದು ಸ್ಥಾನಕ್ಕೆ ತಂದಾಗಲೂ ಒಳಗಿನ ಗುಂಡು ಟಕ್ಕೆಂದು ಕೂರುವುದು ಅಂಗೈಗೆ ತಿಳಿಯಬೇಕು. ಅನಂತರ ಹೈ ಸ್ಥಾನದಲ್ಲಿ ಜೀಪನ್ನು ಏರಿಗೆ ಹತ್ತಿಸಿ, ಆಕ್ಸಿಲರೇಟರನ್ನು ಒತ್ತಿ, ಒಮ್ಮೆಲೇ ಬಿಟ್ಟು ನೋಡುತ್ತಾರೆ. ಹಿಡಿ ಇದ್ದಲ್ಲಿಯೇ ಇದ್ದರೆ ಸೈಕಲ್ಲಿನ ಟ್ಯೂಬನ್ನು ತೋಟದ ಬೇರೆ ಕೆಲಸಕ್ಕೆ ಬಳಸಬಹುದು.