ಕಬ್ಬಿಣವಿದ್ದೂ ಕಬ್ಬಿಣದ ಬರ

ವಂಶವಾಹಿಯೆಂದರೆ ತಾಯಿತಂದೆಯರಿಂದ ಬಂದ, ಬದಲಾಗದ ಹಣೆಬರಹವೆಂದು ಭಾವಿಸುವವರು ವಿದ್ಯಾವಂತರಲ್ಲಿಯೂ ಅನೇಕರುಂಟು. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ಬರೆಹವು ಅದೇ ಇದ್ದರೂ ಅದರ ಯಾವ ಪುಟವನ್ನು ಯಾವಾಗ ತೆರೆಯಬೇಕೆಂಬುದನ್ನು ಸನ್ನಿವೇಶವೂ ನಿರ್ಧರಿಸುತ್ತದೆ. ಹಣ್ಣಿನ ಮರದ ಬೇರು ಇದಕ್ಕೆ ಒಳ್ಳೆಯ ನಿದರ್ಶನ.

ಸ್ಪೇನ್ ದೇಶದ ಎಬ್ರೊ ನದಿಯ ಕಣಿವೆಯಲ್ಲಿ ಪೀಚ್ ಹಣ್ಣಿನ ತೋಟಗಳು ಹೇರಳವಾಗಿವೆ. ಅಲ್ಲಿಯ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅಂಥ ನೆಲದಲ್ಲಿ ಎಳೆಯ ಎಲೆಗಳ ನರಗಳು ಮಾತ್ರ ಹಸುರಾಗಿದ್ದು ಉಳಿದ ಭಾಗವೆಲ್ಲ ಹಳದಿಯಾಗುವುದುಂಟು. ಇದು ಕಬ್ಬಿಣದ ಕೊರತೆಯ ಲಕ್ಷಣ. ಕಬ್ಬಿಣವಿಲ್ಲದೆ ಸಸ್ಯವು ಪತ್ರಹರಿತ್ತನ್ನು ತಯಾರಿಸಲಾರದು. ಆದರೆ ಭೂಮಿಯ ಹೊರಚಿಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ಕಬ್ಬಿಣವೇ ಇದೆಯಲ್ಲವೆ? ಹಾಗಿರುವಾಗ ಈ ಬರವೇಕೆ?

ಮಣ್ಣಿನ ಕಬ್ಬಿಣ ಬಹುಮಟ್ಟಿಗೆ ತುಕ್ಕಿನ ರೂಪದಲ್ಲಿರುತ್ತದೆ. ಮಣ್ಣಿನ ಪಿಎಚ್ ಅಂಕವು ಒಂದು ಏರಿದರೆ, ನೀರಿನಲ್ಲಿ ಕರಗಿರುವ ಫೆರಿಕ್ ಅಯಾನುಗಳ ಪ್ರಮಾಣ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಸುಣ್ಣದ ನೆಲದಲ್ಲಿ ಮರವು ತುಂಬಿದ ಕಣಜದ ಬಾಗಿಲಲ್ಲಿ ಹಸಿದು ನಿಂತಂತಾಗುತ್ತದೆ.

ಆಗ ಬೇರು ಕೈಕಟ್ಟಿ ಕೂಡುವುದಿಲ್ಲ. ಅದರ ಕೆಲವು ವಂಶವಾಹಿಗಳು ಚುರುಕುಗೊಂಡು ಮೂರು ಕಾರ್ಯಗಳನ್ನು ನಡೆಸುತ್ತವೆ. ಹೈಡ್ರೊಜನ್ ಅಯಾನುಗಳನ್ನು ಹೊರದೂಡಿ ಸುತ್ತಣ ಮಣ್ಣನ್ನು ಆಮ್ಲೀಯಗೊಳಿಸುವುದು ಮೊದಲನೆಯದು. ಫೆರಿಕ್ ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನನ್ನು ಕೊಟ್ಟು ಫೆರಸ್ ರೂಪಕ್ಕೆ ತರುವುದು ಎರಡನೆಯದು. ಅದನ್ನು ಕೋಶದೊಳಕ್ಕೆ ಸಾಗಿಸುವುದು ಮೂರನೆಯದು. ಸಾಗಣೆಯ ವಂಶವಾಹಿಯನ್ನು 1996ರಲ್ಲಿಯೂ, ಎಲೆಕ್ಟ್ರಾನು ಕೊಡುವ ಕಿಣ್ವದ ವಂಶವಾಹಿಯನ್ನು 1999ರಲ್ಲಿಯೂ, ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ವಿಜ್ಞಾನಿಗಳು ಗುರುತಿಸಿದರು. ಸೇಬಿನ ಜಾತಿಯ ಮರಗಳಲ್ಲಿಯೂ ಇಂಥವೇ ವಂಶವಾಹಿಗಳು ದೊರೆತಿವೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ, ಒಂದು ಎಲೆಕ್ಟ್ರಾನಿನ ಕೊಡುಗೆಯಿಂದ ಮರದ ಅಳಿವು ಉಳಿವು ನಿರ್ಧಾರವಾಗುವುದು ಅತ್ಯಂತ ಸೋಜಿಗದ ಸಂಗತಿ.

ಈ ಸಾಮರ್ಥ್ಯವು ಎಲ್ಲ ಮರಗಳಿಗೂ ಸಮನಲ್ಲ. ಸುಣ್ಣದ ಮಣ್ಣಿನ ಬೈಕಾರ್ಬೊನೇಟು ಬೇರು ಸುರಿಸಿದ ಆಮ್ಲವನ್ನು ನುಂಗಿಬಿಡುತ್ತದೆ. ಪೀಚಿನ ಬೇರು ಇಲ್ಲಿ ಸುಲಭವಾಗಿ ಸೋಲುತ್ತದೆ. ಪೀಚು ಬಾದಾಮಿಗಳ ಮಿಶ್ರತಳಿಯಾಗಿ ಫ್ರಾನ್ಸಿನಿಂದ ಬಂದ ಜಿಎಫ್ 677 ಎಂಬುದರ ಬೇರು ಹೆಚ್ಚು ತಾಳಿಕೊಳ್ಳುತ್ತದೆ. ಆದಕಾರಣ ಮೆಡಿಟರೇನಿಯನ್ ಪ್ರದೇಶದ ಬೆಳೆಗಾರರು ಅದರ ಮೇಲೆ ಪೀಚನ್ನು ಕಸಿಮಾಡುತ್ತಾರೆ. ಹಣ್ಣು ಒಂದು ಗಿಡದ್ದು, ಬೇರು ಮತ್ತೊಂದರದು. ಮಣ್ಣಿನೊಡನೆ ವ್ಯವಹರಿಸುವವು ಬೇರಿನ ವಂಶವಾಹಿಗಳೇ.

ವಿಜಯಪುರದ ಕಡೆಯ ಕರಿಮಣ್ಣಿನಲ್ಲಿಯೂ ಸುಣ್ಣದ ಅಂಶವುಂಟು. ಅಂಥ ಮಣ್ಣಿಗೆ ಅನ್ನಭೇದಿಯನ್ನು ಸುರಿದರೆ ಅದರ ಬಹುಭಾಗ ಬೇಗನೆ ತುಕ್ಕಾಗಿ ರೈತನ ಹಣ ನೆಲದ ಪಾಲಾಗುತ್ತದೆ. ಕಬ್ಬಿಣದ ಕೀಲೇಟುಗಳು ಫಲ ಕೊಡುವುವಾದರೂ ಅವುಗಳ ಬೆಲೆ ಹೆಚ್ಚು. ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಹಣ್ಣಿನ ತೋಟವಾದರೋ ಒಂದು ವರ್ಷದ ಬೆಳೆಯಲ್ಲ. ನೆಡುವ ದಿನದ ಆಯ್ಕೆ ಹಲವು ವರ್ಷ ನಮ್ಮನ್ನು ಕಟ್ಟಿಹಾಕುತ್ತದೆ.

ಆದುದರಿಂದ ಸಸಿ ಮಾರುವವರು ಹಣ್ಣಿನ ತಳಿಯ ಹೆಸರಿನೊಡನೆ ಬೇರಿನ ತಳಿಯ ಹೆಸರನ್ನೂ ತಪ್ಪದೆ ಬರೆದುಕೊಡಬೇಕೆಂದು ನಾವು ಒತ್ತಿ ಹೇಳುತ್ತೇವೆ. ರೈತ ಕುಟುಂಬಗಳಿಂದ ಬಂದ ವಿದ್ಯಾರ್ಥಿಗಳು ಮೊದಲು ತಮ್ಮ ಹೊಲದ ಮಣ್ಣನ್ನು ಪರೀಕ್ಷೆ ಮಾಡಿಸಲಿ, ಅನಂತರ ಸಸಿ ಕೊಳ್ಳುವಾಗ, “ಇದರ ಬೇರು ಯಾವುದು?” ಎಂದು ಹಿರಿಯರ ಪರವಾಗಿ ತಾವೇ ಕೇಳಲಿ.